ಎತ್ತಿನಹೊಳೆ ಚರ್ಚೆಗೆ ಟಿಪ್ಪಣಿ: ಪಕ್ಷ ಹಿಡಿದವರ ಅಂಕಿಯನ್ನು ಏನು ಮಾಡಬೇಕು?

ಹಾಸನ ಕಡೆಯ ಚರ್ಚಾಸ್ಪರ್ಧೆಗಳಲ್ಲಿ ಎತ್ತಿನಹೊಳೆ ವಿಷಯ, ಅಂದರೆ ಸಕಲೇಶಪುರ ಕಡೆಯ ಘಟ್ಟದ ಹೊಳೆಗಳ ನೀರನ್ನು ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ವಿಷಯ ಬಂದರೆ ವಾದ ಬೇಗ ಹಳಿ ತಪ್ಪುತ್ತದೆ. ಒಬ್ಬರು "ಅದು ಪರಿಸರವಾದಿಗಳ ಲೆಕ್ಕ" ಅಂತಾರೆ, ಇನ್ನೊಬ್ಬರು "ಅದು ಗುತ್ತಿಗೆದಾರರ ಲೆಕ್ಕ" ಅಂತಾರೆ. ತೀರ್ಪುಗಾರರಿಗೆ ಎರಡರಿಂದಲೂ ಏನೂ ದಕ್ಕುವುದಿಲ್ಲ. ಹೇಳಿದವರು ಯಾರೆಂದು ತಿಳಿದರೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ, ಅಷ್ಟೇ. ಲೆಕ್ಕವನ್ನು ಬೇರೆಯೇ ಮಾಡಿ ನೋಡಬೇಕು.

ವರ್ಷಕ್ಕೆ ಎಷ್ಟು ನೀರು ಸಿಗುತ್ತದೆ ಎಂಬುದೇ ಜಗಳ. ಯೋಜನೆಯ ವರದಿ ಹೇಳುವುದು 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಅಧ್ಯಯನ ಹೇಳುವುದು 9.55. ಯೋಜನೆ ಬೇಕಾದವರು ಮೊದಲನೆಯದನ್ನು, ಬೇಡವಾದವರು ಎರಡನೆಯದನ್ನು ಹಿಡಿದುಕೊಳ್ಳುತ್ತಾರೆ. ನೀವು ಕಾಗದ ತೆಗೆಯಿರಿ. ಜಲಾನಯನ ಪ್ರದೇಶ ಸುಮಾರು 180 ಚದರ ಕಿ.ಮೀ., ವರ್ಷದ ಮಳೆ 4,000 ಮಿ.ಮೀ. ಎಂದು ಹಿಡಿಯಿರಿ. ಗುಣಿಸಿದರೆ 72 ಕೋಟಿ ಘನ ಮೀಟರ್. ಒಂದು ಟಿಎಂಸಿಗೆ 2.83 ಕೋಟಿ ಘನ ಮೀಟರ್, ಹಾಗಾಗಿ ಬಿದ್ದ ಮಳೆಯೆಲ್ಲ ಸೇರಿ 25.4 ಟಿಎಂಸಿ. ಅಂದರೆ 24.01 ಸಿಗಬೇಕಾದರೆ ಶೇ. 94ರಷ್ಟು ನೀರು ಹೊಳೆಗೆ ಇಳಿಯಬೇಕು, 9.55ಕ್ಕೆ ಶೇ. 38 ಸಾಕು. ಕಾಡು ಹೀರುವುದು, ಆವಿಯಾಗುವುದು ಎಲ್ಲ ಕಳೆದ ಮೇಲೆ ಶೇ. 94 ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಯಾರ ಪಕ್ಷವೂ ಬೇಕಿಲ್ಲ.

ಪರ ಪಕ್ಷದವರು ಇಲ್ಲಿಗೇ ಸೋಲಬೇಕಿಲ್ಲ. ವಿಸ್ತೀರ್ಣ, ಮಳೆ, ಹರಿದುಬರುವ ಪಾಲು ಈ ಮೂರರಲ್ಲಿ ಒಂದನ್ನು ಅಲುಗಿಸಿದರೆ ಸಾಕು. ಮಳೆ 5,000 ಮಿ.ಮೀ. ಎಂದು ತೋರಿಸಿದರೆ ಬೇಕಾದ ಪಾಲು ಶೇ. 76ಕ್ಕೆ ಇಳಿಯುತ್ತದೆ. ಆದರೆ ಯಾವ ಮಳೆಮಾಪಕದ ಅಂಕಿ ಎಂದು ಕೇಳಿಯೇ ಕೇಳುತ್ತಾರೆ. ಸಕಲೇಶಪುರ ಪೇಟೆಯ ಮಳೆಗೂ ಘಟ್ಟದಂಚಿನ ಮಳೆಗೂ ಅಜಗಜಾಂತರ. ಹೆಚ್ಚಿನವರು ಎಡವುವುದು ಇಲ್ಲೇ: ಎದುರಾಳಿಯ ಪಕ್ಷಪಾತ ಬಯಲು ಮಾಡಿ, ತಮ್ಮ ಮಾಪಕ ಯಾವುದೆಂದೇ ನೋಡಿರುವುದಿಲ್ಲ.

ಪಕ್ಷಪಾತಿ ಆಕರದಲ್ಲಿ ಅತಿ ಬೆಲೆಯುಳ್ಳ ಸಾಲು ಅದು ತನಗೇ ವಿರುದ್ಧವಾಗಿ ಒಪ್ಪಿಕೊಂಡ ಸಾಲು. ಚರಿತ್ರೆಯಿಂದ ಒಂದು ಉದಾಹರಣೆ: ಹೊಯ್ಸಳ ದೊರೆ ವಿಷ್ಣುವರ್ಧನನ ಶಾಸನಗಳು ಹೊಗಳಿಕೆಯಿಂದಲೇ ತುಂಬಿವೆ, 'ತಲಕಾಡುಗೊಂಡ' ಮುಂತಾದ ಬಿರುದುಗಳ ಸಾಲೇ ಇದೆ. ಅದರ ಜೊತೆಗೇ 'ಮಹಾಮಂಡಲೇಶ್ವರ' ಎಂದೂ ಬರುತ್ತದೆ. ಅದು ಸಾಮಂತನ ಪದವಿ. ಹೊಗಳುವವರೇ ಬರೆದಿದ್ದರಿಂದ ಆಗ ಹೊಯ್ಸಳರ ಮೇಲೆ ಚಾಲುಕ್ಯರಿಗಿದ್ದ ಅಧಿಕಾರಕ್ಕೆ ಅದು ಗಟ್ಟಿ ಸಾಕ್ಷಿ.

ಇನ್ನು ಹಳೇಬೀಡಿನ ಕಂಬಗಳನ್ನು ಕಳೆದುಹೋದ ಯಾವುದೋ ಮಹಾಯಂತ್ರದಿಂದ ಕಡೆದರು ಎನ್ನುವ ವಿಡಿಯೋಗಳು. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಮಾಡಿ. ಕಂಬದ ಮೇಲಿನ ವೃತ್ತಾಕಾರದ ಗೆರೆಗಳು ನಿಜ, ತಿರುಗಿಸಿ ಕಡೆದದ್ದೂ ನಿಜ. ಈ ಕಂಬಗಳ ಬಳಪದ ಕಲ್ಲು ಮೆದು, ಗಣಿಯಿಂದ ತೆಗೆದ ಹೊಸದರಲ್ಲಿ ಇನ್ನೂ ಮೆದು. ಅದಕ್ಕೆ ಕಳೆದುಹೋದ ವಿದ್ಯೆ ಬೇಕಿಲ್ಲ. ಖಂಡನೆಗೆ ಎದ್ದಾಗ ಗೆರೆಗಳೇ ಇಲ್ಲ ಎಂದುಬಿಟ್ಟರೆ ಎದುರಾಳಿ ಫೋಟೋ ತೋರಿಸಿ ನಿಮ್ಮನ್ನು ಕೂರಿಸುತ್ತಾನೆ. ಗೆರೆ ಒಪ್ಪಿಕೊಂಡು ಕಲ್ಲಿನ ಮಾತಿಗೆ ಬನ್ನಿ.

ಜಾಗ, ಕಾಲ, ಅಳತೆ ಮೂರೂ ಇಲ್ಲದ ಆಕರಕ್ಕೆ ಮಾತ್ರ ಸಮಯ ಕೊಡಬೇಡಿ. ಪರೀಕ್ಷಿಸಲು ಅದರಲ್ಲಿ ಏನೂ ಇರುವುದಿಲ್ಲ, "ಎಲ್ಲಿ, ಯಾವಾಗ, ಎಷ್ಟು?" ಎಂದು ಒಮ್ಮೆ ಕೇಳಿ ಮುಂದಿನ ಅಂಶಕ್ಕೆ ಹೋಗಿ.