ಕೋಳಿ ಕೀಮಾದ ಟಾಕೊ ಯಾಕೆ ಒಣಗುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರಿಗೂ ಟಾಕೊ (ರೊಟ್ಟಿಯಲ್ಲಿ ಮಾಂಸ ಮಡಚಿ ತಿನ್ನುವ ಮೆಕ್ಸಿಕೊದ ತಿಂಡಿ) ಇಷ್ಟ. ಹೊಟ್ಟೆಗೆ ಹಗುರ ಇರಲಿ ಅಂತ ಬೀಫ್ ಬಿಟ್ಟು ಒಮ್ಮೆ ಟರ್ಕಿ ಕೋಳಿಯ ಕೀಮಾ, ಇನ್ನೊಮ್ಮೆ ಚಿಕನ್ ಕೀಮಾ ಹಾಕಿದೆ. ಎರಡು ಸಲವೂ ಒಣ ಒಣ, ಸಪ್ಪೆ. ಮಸಾಲೆ ಜಾಸ್ತಿ ಹಾಕಿದರೂ ರುಚಿ ಹತ್ತಲಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ತಪ್ಪಿರುವುದು ಮಸಾಲೆಯಲ್ಲಿ ಅಲ್ಲ. ಬೀಫ್‌ಗೆಂದೇ ಇರುವ ಅಡುಗೆಯಲ್ಲಿ ಬರೀ ಮಾಂಸ ಬದಲಾಯಿಸಿದ್ದೀರಿ, ಮಿಕ್ಕಿದ್ದೆಲ್ಲ ಹಾಗೇ ಉಳಿದಿದೆ. ಆ ಅಡುಗೆ ನಿಂತಿರುವುದೇ ಬೀಫ್ ಬಿಡುವ ಜಿಡ್ಡಿನ ಮೇಲೆ. ಅಮೆರಿಕದಲ್ಲಿ ಮಾಮೂಲಿಯಾಗಿ ಸಿಗುವ ಬೀಫ್ ಕೀಮಾದ 100 ಗ್ರಾಂನಲ್ಲಿ 20 ಗ್ರಾಂ ಕೊಬ್ಬು ಇರುತ್ತದೆ. 93 ಪರ್ಸೆಂಟ್ ಲೀನ್, ಅಂದರೆ ಅಷ್ಟು ಭಾಗ ಕೊಬ್ಬಿಲ್ಲದ್ದು ಎಂಬ ಟರ್ಕಿಯಲ್ಲಿ ಅದು 7-8 ಗ್ರಾಂ. ಕ್ಯಾಲೊರಿ ಸುಮಾರು 250ರಿಂದ 150ಕ್ಕೆ ಇಳಿಯುತ್ತದೆ. ಇದು ಸಣ್ಣ ಲಾಭ ಅಲ್ಲ. ಆದರೆ ಆ ಜಿಡ್ಡು ಎರಡು ಕೆಲಸ ಮಾಡುತ್ತಿತ್ತು. ಮಾಂಸವನ್ನು ಮೆತ್ತಗೆ ಇಡುತ್ತಿತ್ತು, ಮಸಾಲೆಯ ಘಮವನ್ನು ಹೀರಿಕೊಂಡು ನಾಲಗೆಗೆ ಮುಟ್ಟಿಸುತ್ತಿತ್ತು. ಒಗ್ಗರಣೆಗೆ ಎಣ್ಣೆ ಯಾಕೆ ಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಜೀರಿಗೆಯ ಘಮ ಬಿಡುವುದು ಎಣ್ಣೆಗೆ, ನೀರಿಗಲ್ಲ. ಒಣ ಕೀಮಾದ ಮೇಲೆ ಪುಡಿ ಉದುರಿಸಿದರೆ ಅದು ಪುಡಿಯಾಗಿಯೇ ಬಾಯಿಗೆ ಬರುತ್ತದೆ.

ಟರ್ಕಿ ಹಾಕಿದರೆ ಅಸಲಿ ಟಾಕೊ ಆಗುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದನ ಮೆಕ್ಸಿಕೊಗೆ ಬಂದದ್ದು 16ನೇ ಶತಮಾನದಲ್ಲಿ, ಸ್ಪೇನಿನವರ ಜೊತೆ. ಟರ್ಕಿ ಕೋಳಿಯನ್ನು ಅದಕ್ಕೂ ಎಷ್ಟೋ ಶತಮಾನ ಮೊದಲಿನಿಂದ ಅಲ್ಲಿನ ಜನ ಸಾಕುತ್ತಿದ್ದರು. ಅದಕ್ಕೆ ಗ್ವಾಹೊಲೋಟೆ ಎಂಬ ಅಲ್ಲಿಯದೇ ಹೆಸರು ಇವತ್ತಿಗೂ ಇದೆ.

ಹಾಗಾಗಿ ದಾರಿಯನ್ನೂ ಮೆಕ್ಸಿಕೊದ ಮನೆ ಅಡುಗೆಯಲ್ಲೇ ಹುಡುಕೋಣ. ಅಲ್ಲಿ ಕೀಮಾಗೆ ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿ, ಎಷ್ಟೋ ಸಲ ಆಲೂಗಡ್ಡೆಯನ್ನೂ ಸೇರಿಸಿ ಬೇಯಿಸುತ್ತಾರೆ. ಹೆಸರು ಪಿಕಾಡಿಯೊ. ಕೋಳಿ ಕೀಮಾಗೆ ಬೇಕಾದದ್ದು ಇದೇ. ಜಿಡ್ಡು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಟೊಮೇಟೊ-ಮೆಣಸಿನಕಾಯಿ ರಸ, ಸ್ವಲ್ಪ ಎಣ್ಣೆ ಸೇರಿ ಮಾಡುತ್ತವೆ.

ಅರ್ಧ ಕೆಜಿ ಕೀಮಾಗೆ ಮೂರು ಟೊಮೇಟೊ, ಅರ್ಧ ಈರುಳ್ಳಿ, ಸಿಪ್ಪೆ ಸಮೇತ ಮೂರು ಎಸಳು ಬೆಳ್ಳುಳ್ಳಿ ತಗೊಳ್ಳಿ. ಎಣ್ಣೆ ಹಾಕದೆ ಕಾವಲಿ ಮೇಲಿಟ್ಟು ಅಲ್ಲಲ್ಲಿ ಕಪ್ಪಗಾಗುವ ತನಕ ಸುಡಿ. ಟೊಮೇಟೊ ಸಿಪ್ಪೆ ಬಿರಿದು ರಸ ಕಾವಲಿಗೆ ಇಳಿದು ಚುರ್ ಅನ್ನಬೇಕು. ಮೆಕ್ಸಿಕೊದವರು ತಮ್ಮ ಕಾವಲಿಗೆ ಕೊಮಾಲ್ ಅನ್ನುತ್ತಾರೆ, ಅವರ ಚಟ್ನಿಯಾದ ಸಾಲ್ಸಾದ ಸುಟ್ಟ ಘಮ ಬರುವುದು ಹೀಗೇ. ಬೀಜ ತೆಗೆದ ನಾಲ್ಕು ಒಣಮೆಣಸಿನಕಾಯಿಯನ್ನು ಒಂದೇ ಕ್ಷಣ ಬಿಸಿ ಮಾಡಿ, ಬಿಸಿನೀರಿನಲ್ಲಿ ಹದಿನೈದು ನಿಮಿಷ ನೆನೆಸಿ. ಬೆಳ್ಳುಳ್ಳಿ ಸಿಪ್ಪೆ ತೆಗೆದು, ಎಲ್ಲವನ್ನೂ ಒಂದು ಚಮಚ ಜೀರಿಗೆ ಜೊತೆ ನುಣ್ಣಗೆ ರುಬ್ಬಿ.

ಮೆಣಸಿನಕಾಯಿ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ರೆಸಿಪಿಗಳಲ್ಲಿ 'ಚಿಲಿ ಪೌಡರ್ ಎರಡು ಟೇಬಲ್ ಚಮಚ' ಅಂತ ಇರುತ್ತದೆ. ಅದು ಜೀರಿಗೆ, ಬೆಳ್ಳುಳ್ಳಿ, ಒರೆಗಾನೊ ಎಲ್ಲ ಬೆರೆಸಿದ ಪುಡಿ. ನಮ್ಮ ಖಾರದ ಪುಡಿ ಬರೀ ಮೆಣಸಿನಕಾಯಿ. ಅದನ್ನೇ ಎರಡು ಟೇಬಲ್ ಚಮಚ ಹಾಕಿದರೆ ಯಾರೂ ತಿನ್ನಲಾರರು. ಮೆಕ್ಸಿಕೊದ ಗ್ವಾಹಿಯೊ ಮೆಣಸಿನಕಾಯಿ ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ಬ್ಯಾಡಗಿ. ಘಮ ಬೇರೆ, ಆದರೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬ ಗುಣ ಎರಡಕ್ಕೂ ಇದೆ. ಗುಂಟೂರು ಬೇಡ.

ಈಗ ಕೀಮಾ. ಕಾಲು ಚಮಚ ಅಡುಗೆ ಸೋಡಾವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಅರ್ಧ ಕೆಜಿಗೆ ಬೆರೆಸಿ, ಹದಿನೈದು ನಿಮಿಷ ಬಿಡಿ. ಬೇಯುವಾಗ ಮಾಂಸ ಬಿಗಿಯಾಗಿ ಮುದುಡಿ ನೀರು ಹಿಂಡಿಕೊಳ್ಳುವುದನ್ನು ಸೋಡಾ ತಡೆಯುತ್ತದೆ. ಇದಕ್ಕಿಂತ ಜಾಸ್ತಿ ಹಾಕಿದರೆ ಸೋಪಿನ ರುಚಿ ಬಂದೀತು. ಅಗಲವಾದ ಬಾಣಲೆ ಚೆನ್ನಾಗಿ ಕಾಯಲಿ, ಒಂದು ಟೇಬಲ್ ಚಮಚ ಎಣ್ಣೆ ಹಾಕಿ ಕೀಮಾ ಹರಡಿ. ಆಮೇಲೆ ಕೈ ಕಟ್ಟಿ ನಿಲ್ಲಿ. ಎಲ್ಲರೂ ಎಡವುವುದು ಇಲ್ಲೇ, ಹಾಕಿದ ಕೂಡಲೇ ಕೆದಕುತ್ತಾರೆ. ಕೆದಕಿದರೆ ನೀರು ಬಿಟ್ಟು ಕೀಮಾ ಬೆಳ್ಳಗೆ ಬೇಯುತ್ತದೆ, ಹುರಿಯುವುದಿಲ್ಲ. ಮೂರು ನಿಮಿಷ ಮುಟ್ಟಬೇಡಿ. ಚಟಪಟ ಸದ್ದು ಜೋರಾಗಿ, ತಳ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮಗುಚಿ ಒಡೆಯಿರಿ. ಮಾಂಸದಲ್ಲಿ ಗುಲಾಬಿ ಬಣ್ಣ ಇನ್ನೂ ಸ್ವಲ್ಪ ಇರುವಾಗಲೇ ರುಬ್ಬಿದ್ದನ್ನು ಸುರಿಯಿರಿ. ಬೇಯಿಸಿಟ್ಟ ಸಣ್ಣ ಆಲೂಗಡ್ಡೆ ತುಂಡುಗಳಿದ್ದರೆ ಅವೂ ಸೇರಲಿ. ಎಂಟು-ಹತ್ತು ನಿಮಿಷ ಕುದ್ದು ರಸ ಕೀಮಾಗೆ ಅಂಟಿದರೆ ಹದ ಬಂದಂತೆ. ಕೋಳಿ ಮಾಂಸ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ರಸದಲ್ಲಿ ಕುದಿಯುವಾಗ ಅದು ಸಲೀಸು, ಒಣಗುವ ಭಯವೂ ಇಲ್ಲ. ಉಪ್ಪು ಕೊನೆಗೆ.

ಕೊಳ್ಳುವಾಗ ಲೇಬಲ್ ಓದಿ. 'ಗ್ರೌಂಡ್ ಟರ್ಕಿ' ಅಂತಷ್ಟೇ ಇದ್ದರೆ ಅದರಲ್ಲಿ ಚರ್ಮವೂ ಸೇರಿರಬಹುದು, ಕೊಬ್ಬು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರಬಹುದು. 99 ಪರ್ಸೆಂಟ್ ಲೀನ್ ಎಂಬ ಬರೀ ಎದೆ ಮಾಂಸದ್ದು ಟಾಕೊಗೆ ನನಗೆ ಹಿಡಿಸುವುದಿಲ್ಲ, ತೀರಾ ಒಣ. ಬೆಂಗಳೂರಿನಲ್ಲಿದ್ದರೆ ಕೋಳಿ ಅಂಗಡಿಯಲ್ಲಿ ಚರ್ಮ ತೆಗೆಸಿ, ತೊಡೆ ಮಾಂಸದ ಕೀಮಾ ಮಾಡಿಸಿಕೊಳ್ಳಿ.

ಇನ್ನು ಹಗುರದ ವಿಷಯ. ಮಾಂಸದಲ್ಲಿ ಉಳಿಸಿದ ಕ್ಯಾಲೊರಿಯನ್ನು ಚೀಸ್ ಸುಮ್ನೆ ನುಂಗಿಬಿಡುತ್ತದೆ. 30 ಗ್ರಾಂ ಚೆಡ್ಡರ್ ಅಂದರೆ ಸುಮಾರು 120 ಕ್ಯಾಲೊರಿ. ಚೀಸ್, ಸೋರ್ ಕ್ರೀಮ್ ಸುರಿಯುವುದು, ಟಾಕೊಗೆ ಕರಿದ ಗಟ್ಟಿ ಚಿಪ್ಪು, ಇವೆಲ್ಲ ಹೆಚ್ಚಾಗಿ ಅಮೆರಿಕದಲ್ಲಿ ಬೆಳೆದ ರೂಢಿ. ಆ ಚಿಪ್ಪು ಕರಿಯುವ ಸಾಧನಕ್ಕೆ ನ್ಯೂಯಾರ್ಕಿನ ಹುವೆನ್ಸಿಯೊ ಮಾಲ್ಡೊನಾಡೊ 1950ರಲ್ಲಿ ಪೇಟೆಂಟ್ ಪಡೆದರು. ಮೆಕ್ಸಿಕೊದ ಬೀದಿ ಗಾಡಿಯ ಟಾಕೊ ನೋಡಿ: ಅಂಗೈಯಗಲದ ಮೆತ್ತನೆ ಮೆಕ್ಕೆಜೋಳದ ರೊಟ್ಟಿ, ಅಂದರೆ ಟೋರ್ಟಿಯಾ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು, ಸಾಲ್ಸಾ. ಪಕ್ಕದಲ್ಲಿ ನಿಂಬೆ ಹೋಳು, ಮೂಲಂಗಿ ಬಿಲ್ಲೆ. ಅದು ಮೊದಲಿಂದಲೂ ಹಗುರವೇ. ಕೆನೆಯಂಥದ್ದು ಬೇಕೇ ಬೇಕು ಅನಿಸಿದರೆ ಬಟ್ಟೆಯಲ್ಲಿ ಸೋಸಿದ ಗಟ್ಟಿ ಮೊಸರಿಗೆ ನಿಂಬೆರಸ, ಉಪ್ಪು ಬೆರೆಸಿ. ಒಂದೆರಡು ಹೋಳು ಬೆಣ್ಣೆಹಣ್ಣು ಇಟ್ಟರೂ ಆಯಿತು.

ಟೋರ್ಟಿಯಾ ಮನೆಯಲ್ಲೇ ತಟ್ಟುವುದಾದರೆ ಮಾಸಾ ಹರೀನಾ ಎಂಬ ಹಿಟ್ಟೇ ಬೇಕು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆದು ಒಣಗಿಸಿದ ಹಿಟ್ಟು ಅದು. ಸುಣ್ಣದಿಂದಲೇ ಅದಕ್ಕೆ ಅಂಟು ಬರುತ್ತದೆ. ಬರೀ ಮೆಕ್ಕೆಜೋಳದ ಹಿಟ್ಟಾದರೆ ಮಡಚಿದ ಕೂಡಲೇ ಬಿರಿಯುತ್ತದೆ. ನಮ್ಮ ಅಂಗಡಿಗಳ ಕಾರ್ನ್ ಫ್ಲೋರ್ ಅಂತೂ ಬರೀ ಗಂಜಿಪುಡಿ, ಇದಕ್ಕೆ ಆಗುವುದೇ ಇಲ್ಲ. ಪ್ಯಾಕೆಟ್ಟಿನ ಟೋರ್ಟಿಯಾ ಆದರೆ ಒಣ ಕಾವಲಿ ಮೇಲೆ ಒಂದೊಂದು ಬದಿ ಅರ್ಧ ನಿಮಿಷ ಬಿಸಿ ಮಾಡಿ, ರೊಟ್ಟಿ ಸುತ್ತಿಡುವ ಹಾಗೆ ಬಟ್ಟೆಯಲ್ಲಿ ಸುತ್ತಿಡಿ. ಹತ್ತು ನಿಮಿಷದಲ್ಲಿ ತಮ್ಮ ಹಬೆಗೇ ಅವು ಮೆತ್ತಗಾಗುತ್ತವೆ. ಕೀಮಾವನ್ನು ತಿನ್ನುವ ಹೊತ್ತಿಗೇ ತುಂಬಿ, ಮೊದಲೇ ತುಂಬಿಟ್ಟರೆ ರಸ ಇಳಿದು ತಳ ಹರಿಯುತ್ತದೆ.