ಹೊಸ ಹಾರ್ಡ್ ಡಿಸ್ಕ್ ಇನಿಶಿಯಲೈಸ್ ಆಗ್ತಿಲ್ಲ, ವಾಪಸ್ ಕೊಡಲಾ?

ಪ್ರಶ್ನೆ: ಸರ್, ಡೆಸ್ಕ್‌ಟಾಪ್‌ಗೆ ಹೊಸ 4 ಟಿಬಿ ಹಾರ್ಡ್ ಡಿಸ್ಕ್ ಹಾಕಿದ್ದೇನೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ನಾಟ್ ಇನಿಶಿಯಲೈಸ್ಡ್’ ಅಂತ ಇದೆ. ಇನಿಶಿಯಲೈಸ್ ಕೊಟ್ಟರೆ ‘ಐ/ಒ ಡಿವೈಸ್ ಎರರ್’ ಬರುತ್ತದೆ. ಡಿಸ್ಕ್ ಹಾಳಾಗಿಯೇ ಬಂದಿದೆಯಾ?

ಉತ್ತರ: ಆಗಿರಬಹುದು. ಆದರೆ ಅಂಗಡಿಗೆ ಹೋಗುವ ಮೊದಲು ಕೇಬಲ್ ಬದಲಿಸಿ ನೋಡಿ.

‘ನಾಟ್ ಇನಿಶಿಯಲೈಸ್ಡ್’ ಅನ್ನೋದು ದೋಷವೇ ಅಲ್ಲ. ಹೊಸ ಡಿಸ್ಕ್ ಖಾಲಿ ಬರುತ್ತದೆ. ಯಾವ ಪಾರ್ಟಿಶನ್ (ಡಿಸ್ಕ್‌ನ ಭಾಗ) ಎಲ್ಲಿದೆ ಅನ್ನುವ ಪಟ್ಟಿಯನ್ನು ವಿಂಡೋಸ್ ಅದರ ಮೇಲೆ ಬರೆಯಬೇಕು, ಅದೇ ಇನಿಶಿಯಲೈಸ್. ನಿಮಗೆ ಬಂದ ಎರರ್ ಅಂದರೆ ಬರೆಯಲು ಹೋಗಿ ಆಗಲಿಲ್ಲ ಅಂತ. ತೊಂದರೆ ಡಿಸ್ಕ್‌ನಲ್ಲೂ ಇರಬಹುದು, ಅಲ್ಲಿಗೆ ಹೋಗುವ ದಾರಿಯಲ್ಲೂ ಇರಬಹುದು.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಡಿಸ್ಕ್ ಸೈಜ್ ಎಷ್ಟು ತೋರಿಸುತ್ತಿದೆ ನೋಡಿ. ಸುಮಾರು 3726 ಜಿಬಿ ಇದ್ದರೆ ಸರಿಯಾಗಿದೆ. ಯಾರೂ ಮೋಸ ಮಾಡಿಲ್ಲ, ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ. ಸೈಜ್ ಸರಿಯಿದೆ ಅಂದರೆ ಡಿಸ್ಕ್ ಮಾತಾಡುತ್ತಿದೆ, ಕೇಬಲ್, ಪೋರ್ಟ್, ಪವರ್ ಮೇಲೆ ಅನುಮಾನ ಜಾಸ್ತಿ. ಸೊನ್ನೆ ಅಥವಾ ‘ನೋ ಮೀಡಿಯಾ’ ಅಂತಿದ್ದರೆ ಡಿಸ್ಕ್‌ನ ಒಳಗೇ ಏನೋ ಕೆಟ್ಟಿರುವುದು ಹೆಚ್ಚು. ಟಕ್ ಟಕ್ ಸದ್ದೂ ಬರುತ್ತಿದ್ದರೆ ಸುಮ್ನೆ ಹೆಣಗಾಡಬೇಡಿ, ವಾಪಸ್ ಕೊಡಿ.

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಸಾಟಾ ಕೇಬಲನ್ನು (ಡಿಸ್ಕ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ಡೇಟಾ ಕೇಬಲ್) ಎರಡೂ ತುದಿಯಲ್ಲಿ ತೆಗೆದು ಒತ್ತಿ ಹಾಕಿ. ಮದರ್‌ಬೋರ್ಡ್ ಕಡೆಯ ತುದಿ ಅರ್ಧ ಕೂತಿರುವುದು ಬಹಳ ಸಾಮಾನ್ಯ. ಇನ್ನೊಂದು ಪೋರ್ಟ್‌ಗೆ ಹಾಕಿ. ಡಿವಿಡಿ ಡ್ರೈವ್ ಇದ್ದರೆ ಅದರ ಕೇಬಲನ್ನೇ ಎರವಲು ತಗೊಳ್ಳಿ. ಪವರ್‌ಗೆ ಸ್ಪ್ಲಿಟರ್ (ಒಂದು ವೈರನ್ನು ಎರಡಾಗಿಸುವುದು) ಹಾಕಿದ್ದರೆ ತೆಗೆದು ನೇರವಾಗಿ ಕೊಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಸಿ7 ಎಂಬ ಸಾಲಿನಲ್ಲಿ ‘ರಾ ವ್ಯಾಲ್ಯೂಸ್’ ಕೆಳಗಿನ ಸಂಖ್ಯೆ ನೋಡಿ, ಅದು ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ. ಅಲ್ಲಿನ ಸಂಖ್ಯೆ ಏರುತ್ತಾ ಹೋದರೆ ಬಹುತೇಕ ಕೇಬಲ್‌ದೇ ತಪ್ಪು. 05 ಮತ್ತು ಸಿ5 ಸಾಲುಗಳು ಡಿಸ್ಕ್‌ನಲ್ಲಿ ಕೆಟ್ಟ ಅಥವಾ ಅನುಮಾನದ ಜಾಗಗಳ ಲೆಕ್ಕ, ಅವುಗಳ ‘ರಾ ವ್ಯಾಲ್ಯೂಸ್’ ಹೊಸ ಡಿಸ್ಕ್‌ನಲ್ಲಿ ಸೊನ್ನೆ ಇರಬೇಕು. ಇಲ್ಲದಿದ್ದರೆ ಅಂಗಡಿಯವರಿಗೆ ತೋರಿಸಲು ಅದೇ ಸಾಕ್ಷಿ.

ಇದೇ ಡಿಸ್ಕನ್ನು ಯುಎಸ್‌ಬಿ ಡಾಕ್‌ನಲ್ಲಿ (ಡಿಸ್ಕನ್ನು ಹೊರಗಿನಿಂದ ಯುಎಸ್‌ಬಿಗೆ ಜೋಡಿಸುವ ಪೆಟ್ಟಿಗೆ) ಇಟ್ಟು ನೋಡುವುದಾದರೆ, 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು. ಯುಎಸ್‌ಬಿ ಕೇಬಲ್ ಒಂದರಿಂದಲೇ ಅದು ಓಡುವುದಿಲ್ಲ, ಅಡಾಪ್ಟರ್ ಇರಲೇಬೇಕು. ಎಷ್ಟೋ ಹಳೇ ಡಾಕ್‌ಗಳಿಗೆ 2 ಟಿಬಿ ಮೇಲಿನ ಲೆಕ್ಕವೇ ಬರುವುದಿಲ್ಲ. 3 ಟಿಬಿ ಡಿಸ್ಕ್ 746 ಜಿಬಿ ಅಂತ ಕಂಡು ಜನ ಗಾಬರಿಯಾಗುವುದು ಹೀಗೆಯೇ.

ಕೇಬಲ್ ಬದಲಿಸಿದ ಮೇಲೆ ಇನಿಶಿಯಲೈಸ್ ಕೊಟ್ಟಾಗ ಎಂಬಿಆರ್, ಜಿಪಿಟಿ ಅಂತ ಎರಡು ಆಯ್ಕೆ ಬರುತ್ತವೆ, ಪಾರ್ಟಿಶನ್ ಪಟ್ಟಿ ಬರೆಯುವ ಎರಡು ಬಗೆ ಅವು. ಜಿಪಿಟಿ ಒತ್ತಿ. ಎಂಬಿಆರ್ ಕೊಟ್ಟರೆ 2 ಟಿಬಿ ಆಚೆಗಿನ ಜಾಗ ಬಳಸಲಾಗುವುದಿಲ್ಲ, ಅರ್ಧ ದುಡ್ಡು ವ್ಯರ್ಥ ಅಲ್ವಾ?

ಡಿಸ್ಕ್‌ಪಾರ್ಟ್ (ಆದೇಶ ಟೈಪ್ ಮಾಡಿ ಡಿಸ್ಕ್ ನಿಭಾಯಿಸುವ ವಿಂಡೋಸ್ ತಂತ್ರಾಂಶ) ತೆರೆದು, ಪಾರ್ಟಿಶನ್‌ಗಳನ್ನು ಅಳಿಸುವ ‘ಕ್ಲೀನ್’ ಹೊಡೆಯಿರಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಡಿಸ್ಕ್ ಮೇಲೆ ಹಳೇ ಪಾರ್ಟಿಶನ್ ಉಳಿದಿದ್ದರೆ ಅದು ಕೆಲಸಕ್ಕೆ ಬರುತ್ತದೆ, ಐ/ಒ ಎರರ್‌ಗೆ ಅದು ಮದ್ದಲ್ಲ. ಜೊತೆಗೆ ಆ ಆದೇಶ ‘ಖಚಿತವಾ?’ ಅಂತ ಒಂದು ಮಾತೂ ಕೇಳುವುದಿಲ್ಲ. ಡಿಸ್ಕ್ ನಂಬರ್ ತಪ್ಪಿದರೆ ನಿಮ್ಮ ಇನ್ನೊಂದು ಡಿಸ್ಕ್‌ನ ಪಾರ್ಟಿಶನ್‌ಗಳೆಲ್ಲ ಮಾಯ.

ಬೇರೆ ಕಂಪ್ಯೂಟರ್, ಬೇರೆ ಕೇಬಲ್‌ನಲ್ಲೂ ಇದೇ ಎರರ್ ಬಂದರೆ ಇನ್ನು ಯೋಚನೆ ಬೇಡ, ಬದಲಿ ಕೇಳಿ. ಎರರ್‌ದೊಂದು ಫೋಟೋ, ಬಿಲ್ಲು, ಬಂದ ಪ್ಯಾಕಿಂಗ್ ಇಟ್ಟುಕೊಳ್ಳಿ.

ಅಂದ ಹಾಗೆ, ಇನಿಶಿಯಲೈಸ್ ಮಾಡಿ ಎಂಬ ಮೆಸೇಜ್ ನಿಮ್ಮ ಫೋಟೋ, ಫೈಲು ಇರುವ ಹಳೇ ಡಿಸ್ಕ್‌ಗೆ ಬಂದರೆ ಓಕೆ ಒತ್ತಲೇಬೇಡಿ. ಅದಕ್ಕೆ ಬೇಕಾಗಿರುವುದು ಡೇಟಾ ರಿಕವರಿ, ಇನಿಶಿಯಲೈಸ್ ಅಲ್ಲ.