ಕಡಿಮೆ ಓಡಿದ ಗಾಡಿಯೇ ಒಳ್ಳೆಯ ಗಾಡಿಯೇ?

ಪ್ರಶ್ನೆ: ನಾನು ಧಾರವಾಡದವನು. ಚುರುಕಾದ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳಬೇಕೆಂಬುದು ಕಾಲೇಜಿನ ದಿನಗಳಿಂದಲೂ ಇರುವ ಆಸೆ. ಕೈಯಲ್ಲಿ ಆರು ಲಕ್ಷ ರೂಪಾಯಿ ಇದೆ. ಹನ್ನೊಂದು ವರ್ಷ ಹಳೆಯದಾದ ಎರಡು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಗಾಡಿಗಳನ್ನು ನೋಡಿದ್ದೇನೆ. ಒಂದು 21,000 ಕಿ.ಮೀ. ಓಡಿದೆ, ಇನ್ನೊಂದು 88,000 ಕಿ.ಮೀ. ಮೊದಲನೆಯದಕ್ಕೆ ಒಂದೂವರೆ ಲಕ್ಷ ಹೆಚ್ಚು ಕೇಳುತ್ತಿದ್ದಾರೆ. ಕಡಿಮೆ ಓಡಿದ್ದನ್ನೇ ತೆಗೆದುಕೊಳ್ಳಲೇ?

ಉತ್ತರ: ಎರಡನೆಯ ಗಾಡಿಯ ಸರ್ವಿಸ್ ಬಿಲ್ಲುಗಳು ಪೂರ್ತಿ ಇದ್ದರೆ ಅದನ್ನೇ ಮೊದಲು ನೋಡಿರಿ. ಗ್ಯಾರೇಜಿನಲ್ಲಿ, ಫೋನಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಕೂಡ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಕೇಳಿದವರು ತಲೆಯಾಡಿಸಿ ಹೋಗುತ್ತಾರೆ, ತಿಂಗಳೊಳಗೆ ಕಡಿಮೆ ಓಡಿದ ಗಾಡಿಯನ್ನೇ ಕೊಂಡು ರಿಪೇರಿಗೆಂದು ನನ್ನ ಬಾಗಿಲಿಗೆ ತರುತ್ತಾರೆ. ಆದ್ದರಿಂದ ಕಾರಣಗಳನ್ನು ಈ ಸಲ ಬಿಡಿಸಿ ಬರೆಯುತ್ತೇನೆ.

ಗಾಡಿಯ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಆರು ಲಕ್ಷಕ್ಕೆ ಎರಡು ಬಾಗಿಲಿನ ಅಪ್ಪಟ ಸ್ಪೋರ್ಟ್ಸ್ ಕಾರು ಸಿಕ್ಕರೂ ಕೊಳ್ಳಬಾರದು, ಏಕೆಂದರೆ ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿಯುತ್ತದೆಯೇ ಹೊರತು ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಚಿಕ್ಕ ಗಾಡಿಗೆ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ ಸಾಧನ) ಇರುವ ಎಂಜಿನ್ ಕೂರಿಸಿದಂಥವೇ ನಮ್ಮ ಪಾಲಿನ ಸ್ಪೋರ್ಟ್ಸ್ ಕಾರುಗಳು. ನೀವು ನೋಡಿರುವ ಪೋಲೊ ಜಿಟಿ ಟಿಎಸ್‌ಐಯಲ್ಲಿ 1.2 ಲೀಟರಿನ, 105 ಅಶ್ವಶಕ್ತಿಯ ಎಂಜಿನ್ ಇದೆ. 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಇದಕ್ಕಿಂತ ಬಹಳ ಬಲಶಾಲಿ, ಆದರೆ ಫಿಯೆಟ್ ಕಂಪನಿ ಈಗ ಇಲ್ಲಿ ಕಾರು ಮಾರುತ್ತಿಲ್ಲವಾದ್ದರಿಂದ ಬಿಡಿಭಾಗಕ್ಕಾಗಿ ಊರೂರು ಅಲೆಯುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಸರಿ. ಗದಗು, ಹಾವೇರಿಯಂಥ ಊರಿನಲ್ಲಿದ್ದು ಬೇರೆ ಗಾಡಿಯಿಲ್ಲದವರಿಗೆ 102 ಅಶ್ವಶಕ್ತಿಯ ಬಲೆನೊ ಆರ್‌ಎಸ್ ಸಾಕು ಎನ್ನುತ್ತೇನೆ. ಮಾರುತಿ ಗಾಡಿ ನೋಡುವ ಮಿಸ್ತ್ರಿ ಎಲ್ಲ ಊರಿನಲ್ಲೂ ಸಿಗುತ್ತಾನೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಡಿಮೆ ಓಡಿದ ಗಾಡಿ ಹೊಸದರಂತೆಯೇ ಇರುತ್ತದೆ ಎಂಬ ನಂಬಿಕೆ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲದ್ದು. ಆಗ ಇಂತಿಷ್ಟು ದೂರ ಓಡಿದ ಮೇಲೆ ಎಂಜಿನ್ ಬಿಚ್ಚಿ ಬೋರ್ ಮಾಡಿಸಲೇಬೇಕಾಗುತ್ತಿತ್ತು (ಎಂದರೆ ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡಿಸುವುದು), ಹೀಗಾಗಿ ಓಡಿದ ದೂರವೇ ಗಾಡಿಯ ಆಯುಷ್ಯದ ಅಳತೆಯಾಗಿತ್ತು. ಈಗಿನ ಎಂಜಿನ್‌ಗಳಲ್ಲಿ, ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ್ದರೆ, 88,000 ಕಿ.ಮೀ.ಗೆ ಸಿಲಿಂಡರ್ ಸವೆಯುವ ಮಾತೇ ಬರುವುದಿಲ್ಲ. ಅವುಗಳಲ್ಲಿ ಮೊದಲು ಕೆಡುವುದು ರಬ್ಬರು, ದ್ರವಗಳು ಮತ್ತು ಎಲೆಕ್ಟ್ರಾನಿಕ್ ಭಾಗಗಳು. ಇವಕ್ಕೆ ಓಡಿದ ದೂರಕ್ಕಿಂತ ಕಳೆದ ವರ್ಷಗಳೇ ಹೆಚ್ಚು ಭಾರ.

ಬ್ರೇಕ್ ಆಯಿಲನ್ನೇ ತೆಗೆದುಕೊಳ್ಳಿರಿ. ಅದು ಗಾಳಿಯ ತೇವವನ್ನು ಹೀರುವ ದ್ರವ, ಗಾಡಿ ನಿಂತಿದ್ದರೂ ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಆಯಿಲು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಕುಡಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ವೇಗದ ಗಾಡಿಯ ಬ್ರೇಕನ್ನು ಘಟ್ಟದ ಇಳಿಜಾರಿನಲ್ಲಿ ಪದೇ ಪದೇ ಒತ್ತಿದಾಗ ಹಳೆಯ ಆಯಿಲು ಕುದಿದು, ಪೆಡಲ್ ಮೆತ್ತಗಾಗಿ ನೆಲಕ್ಕಿಳಿಯುವುದು ಇದೇ ಕಾರಣದಿಂದ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಬೇಕು. 'ಗಾಡಿ ಓಡಿಯೇ ಇಲ್ಲ, ಏಕೆ ಬದಲಿಸಬೇಕು' ಎನ್ನುವ ಮಾಲೀಕರೇ ನಮ್ಮಲ್ಲಿ ಹೆಚ್ಚು.

ಈಗ ಲೆಕ್ಕ ಹಾಕೋಣ. ಹನ್ನೊಂದು ವರ್ಷಕ್ಕೆ 21,000 ಕಿ.ಮೀ. ಎಂದರೆ ದಿನಕ್ಕೆ ಸರಾಸರಿ ಐದು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅಂದರೆ ಆ ಗಾಡಿ ಹುಬ್ಬಳ್ಳಿಯೊಳಗೇ ವಿದ್ಯಾನಗರದಿಂದ ಕೇಶ್ವಾಪುರಕ್ಕೆ ಹೋಗಿ ಬಂದಿದೆ, ಇಲ್ಲವೇ ತಿಂಗಳುಗಟ್ಟಲೆ ಸುಮ್ಮನೆ ನಿಂತಿದೆ. ಇಷ್ಟು ಚಿಕ್ಕ ಓಡಾಟದಲ್ಲಿ ಎಂಜಿನ್ ತಂಪು ಮಾಡುವ ನೀರು ಬಿಸಿಯಾದರೂ ಆಯಿಲ್ ಪೂರ್ತಿ ಬಿಸಿಯಾಗಿರುವುದಿಲ್ಲ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ, ಪೂರ್ತಿ ಉರಿಯದೆ ಉಳಿದದ್ದು ಪಿಸ್ಟನ್ನಿನ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲಿನಲ್ಲಿ ಬೆರೆಯುತ್ತದೆ. ದೂರದ ಓಟದಲ್ಲಿ ಈ ಪೆಟ್ರೋಲು ಮತ್ತು ತೇವ ಆವಿಯಾಗಿ ಹೋಗುತ್ತವೆ. ಐದು ಕಿ.ಮೀ.ಯ ಓಟದಲ್ಲಿ ಅವು ಅಲ್ಲೇ ಉಳಿದು, ತೆಳುವಾದ ಆ ಆಯಿಲೇ ಟರ್ಬೊದ ಬೇರಿಂಗಿಗೂ ಹೋಗುತ್ತದೆ. ಇನ್ನು 88,000 ಓಡಿದ ಗಾಡಿ ವರ್ಷಕ್ಕೆ 8,000 ಓಡಿದೆ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರಲು 40 ಕಿ.ಮೀ. ಎಂದು ಹಿಡಿದರೆ ಇದು ವರ್ಷದಲ್ಲಿ 200 ದಿನ ಕೆಲಸಕ್ಕೆ ಹೋಗಿ ಬಂದ ಒಬ್ಬ ನೌಕರನ ಗಾಡಿ. ಪ್ರತಿ ಸಲವೂ ಅದರ ಎಂಜಿನ್ ಸರಿಯಾಗಿ ಬಿಸಿಯಾಗಿದೆ. ಯಂತ್ರಕ್ಕೆ ಬೇಕಾದದ್ದು ಇದೇ.

ಗೇರಿನ ವಿಷಯವೂ ಹಾಗೆಯೇ. ಈ ಪೋಲೊದ ಡಿಎಸ್‌ಜಿ ಎಂಬ ಏಳು ಗೇರಿನ ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಎರಡು ಒಣ (ಆಯಿಲಿನಲ್ಲಿ ಮುಳುಗಿರದ) ಕ್ಲಚ್ಚುಗಳಿವೆ. ಗಾಡಿ ನಿಂತಲ್ಲಿಂದ ಹೊರಡುವಾಗಲೂ, ತೆವಳುವಾಗಲೂ ಅವು ಜಾರಿ ಜಾರಿ ಸವೆಯುತ್ತವೆ, ನಾಲ್ಕನೆಯ ಗೇರಿನಲ್ಲಿ ಸಾಗುವಾಗ ಅಲ್ಲ. ಪೇಟೆಯ ಗದ್ದಲದಲ್ಲಿ ಓಡಿದ 21,000 ಕಿ.ಮೀ. ಆ ಕ್ಲಚ್ಚುಗಳಿಗೆ ಹೆದ್ದಾರಿಯ ಹಲವು ಪಟ್ಟು ದೂರಕ್ಕೆ ಸಮ. ಆ ಗೇರ್‌ಬಾಕ್ಸನ್ನು ನಡೆಸುವ ಮೆಕಾಟ್ರಾನಿಕ್ ಘಟಕ ಕೆಟ್ಟರೆ ಖರ್ಚು ಲಕ್ಷದವರೆಗೂ ಹೋಗಬಹುದು. ನಿಮ್ಮ ಆರು ಲಕ್ಷದಲ್ಲಿ ಒಂದು ಲಕ್ಷವನ್ನು ಮೊದಲ ವರ್ಷದ ರಿಪೇರಿಗೆಂದು ತೆಗೆದಿಟ್ಟು, ಐದರಲ್ಲಿ ಗಾಡಿ ಹುಡುಕಿರಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಕಳೆದ ದೀಪಾವಳಿಗೆ ಮುಂಚೆ ಗದಗಿನಿಂದ ಇಂಥದೇ ಒಂದು ಕೆಂಪು ಗಾಡಿ ಪರೀಕ್ಷೆಗೆ ಬಂದಿತ್ತು. ಮೀಟರಿನಲ್ಲಿ 19,000 ಚಿಲ್ಲರೆ. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಕೊಳ್ಳಲು ಬಂದ ಹುಡುಗ ಅದನ್ನು ಸವರಿ ನೋಡುತ್ತಿದ್ದ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಅವನಿಗೇ ಓದಲು ಹೇಳಿದೆ. 3713 ಎಂದಿತ್ತು, ಎಂದರೆ 2013ನೆಯ ಇಸವಿಯ 37ನೆಯ ವಾರದಲ್ಲಿ ತಯಾರಾದ ಟೈರು. ಟೈರಿನ ಮೇಲಿನ ಗೆರೆಗಳು ಹೊಸದರಂತೆ ಆಳವಾಗಿದ್ದವು, ಆದರೆ ಅಂಚಿನಲ್ಲಿ ಎರೆ ಹೊಲ ಬೇಸಿಗೆಯಲ್ಲಿ ಬಿರಿದಂತೆ ಸಣ್ಣ ಬಿರುಕುಗಳಿದ್ದವು. ಆಯಿಲ್ ಕಡ್ಡಿ ಎಳೆದು ಮೂಸಿದರೆ ಪೆಟ್ರೋಲಿನ ವಾಸನೆ. ಒಂದು ರಬ್ಬರ್ ನಳಿಗೆಯನ್ನು ಒತ್ತಿದಾಗ ಅದರ ಮೇಲ್ಪದರ ಬೆರಳಿಗೆ ಪುಡಿಯಾಗಿ ಹತ್ತಿತು. ಕೊನೆಗೆ ಸ್ಕ್ಯಾನರ್ ಹಚ್ಚಿದೆವು. ದೋಷಗಳ ಕೋಡುಗಳನ್ನು ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಎಂಬುದನ್ನು ಎಂಜಿನ್ನಿನ ಕಂಪ್ಯೂಟರ್ ನೆನಪಿಟ್ಟುಕೊಂಡಿರುತ್ತದೆ. ಅದು 62 ಕಿ.ಮೀ. ಎಂದು ತೋರಿಸಿತು. ಗದಗಿನಿಂದ ನಮ್ಮ ಗ್ಯಾರೇಜಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಆ ಹುಡುಗ ತಾನಾಗಿಯೇ ಲೆಕ್ಕ ಮಾಡಿ ನನ್ನ ಮುಖ ನೋಡಿದ. ಆ ದಿನ ಅವನು ಕಲಿತದ್ದು ನನಗೆ ನಿಜವಾಗಿಯೂ ಹೆಮ್ಮೆಯ ವಿಷಯ.

ಇಷ್ಟೆಲ್ಲ ಹೇಳಿದ್ದು ಮೀಟರಿನಲ್ಲಿರುವ ಅಂಕಿ ಸುಳ್ಳಲ್ಲ ಎಂದು ನಂಬಿಕೊಂಡು. ಡಿಜಿಟಲ್ ಮೀಟರನ್ನು ತಿರುಗಿಸಲಾಗದು ಎಂಬುದೂ ತಪ್ಪು ತಿಳಿವಳಿಕೆಯೇ. ಅದು ಒಂದು ಚಿಕ್ಕ ಉಪಕರಣದ ಕೆಲಸ. ಹಳೆಯ ಸರ್ವಿಸ್ ಬಿಲ್ಲುಗಳಲ್ಲಿ ಪ್ರತಿ ಸಲವೂ ಬರೆದ ಕಿ.ಮೀ. ಏರುತ್ತಾ ಬಂದಿದೆಯೇ ನೋಡಿರಿ. ಬ್ರೇಕ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಮೇಲ್ಭಾಗ, ಚಾಲಕರ ಸೀಟಿನ ಬಲ ಅಂಚು ಇವುಗಳ ಸವಕಳಿ ಮೀಟರಿನ ಅಂಕಿಗೆ ಹೊಂದುತ್ತದೆಯೇ ನೋಡಿರಿ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿರಿ, ನೀವು ಬರುವವರೆಗೆ ಚಾಲೂ ಮಾಡಬಾರದೆಂದು ಮಾಲೀಕರಿಗೆ ಮೊದಲೇ ತಿಳಿಸಿರಿ. ಆ ಕಾಲದ 1.2 ಟಿಎಸ್‌ಐ ಎಂಜಿನ್ನಿನ ಟೈಮಿಂಗ್ ಚೈನು (ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಸರಪಳಿ) ಸಡಿಲಾಗುವುದುಂಟು, ಅದರ ಗಡಗಡ ಸದ್ದು ತಣ್ಣಗಿರುವ ಎಂಜಿನ್ ಎದ್ದ ಮೊದಲ ಕೆಲವು ಕ್ಷಣಗಳಲ್ಲಿ ಮಾತ್ರ ಕೇಳುತ್ತದೆ. ಆಮೇಲೆ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರಿನಂಥ ಕಡೆ ಕಾಲಿನ ನಡಿಗೆಯ ವೇಗದಲ್ಲಿ ಹತ್ತಿಸಿ, ನಿಲ್ಲಿಸಿ, ಮತ್ತೆ ಹತ್ತಿಸಿ ನೋಡಿರಿ. ಗಾಡಿ ನಡುಗಿದರೆ ಕ್ಲಚ್ಚಿನ ಕಾಲ ಮುಗಿದಿದೆ ಎಂದರ್ಥ. ಬೈಪಾಸಿಗೆ ಹೋಗಿ ವೇಗ ಪರೀಕ್ಷಿಸುವುದರಿಂದ ಇದಾವುದೂ ತಿಳಿಯುವುದಿಲ್ಲ, ಜೀವಕ್ಕೂ ಅಪಾಯ. ಅದನ್ನು ದಯವಿಟ್ಟು ಮಾಡಬೇಡಿರಿ.

ನೀವು ಕೇಳಿಲ್ಲವಾದರೂ ಗೋವಾ ಗಾಡಿಗಳ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಏಕೆಂದರೆ ಪೋಲೊ ಹುಡುಕುವವರಿಗೆಲ್ಲ ಏಜೆಂಟರು ಕೊನೆಗೆ ತೋರಿಸುವುದು ಜಿಎ ನಂಬರಿನ ಗಾಡಿಯನ್ನೇ. ಬೆಲೆ ಕಡಿಮೆ ಇರುವುದು ನಿಜ. ಆದರೆ ಕಡಲ ಗಾಳಿಯ ಉಪ್ಪು ಕೆಳಭಾಗದ ತಗಡನ್ನು ತಿಂದಿರುತ್ತದೆ, ಲಿಫ್ಟಿನ ಮೇಲೆ ಏರಿಸದೆ ಅದು ಕಾಣುವುದಿಲ್ಲ. ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನ ಪ್ರಕಾರ ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕು, ಜೊತೆಗೆ ಕರ್ನಾಟಕದ ಆಜೀವ ತೆರಿಗೆಯೂ ಬೀಳುತ್ತದೆ. ಅದನ್ನು ಕೂಡಿಸಿದ ಮೇಲೆ ಧಾರವಾಡದ ಕೆಎ 25 ಅಥವಾ ಹುಬ್ಬಳ್ಳಿಯ ಕೆಎ 63 ಗಾಡಿಗಿಂತ ಉಳಿತಾಯವಾಗುವುದು ಅಪರೂಪ. ಆದರೂ ಮನಸ್ಸು ಅತ್ತಲೇ ಎಳೆದರೆ ಆಕ್ಷೇಪಣೆ ಇಲ್ಲವೆಂಬ ನಮೂನೆ 28, ಸಾಲವಿದ್ದ ಗಾಡಿಯಾದರೆ ಬ್ಯಾಂಕು ಸಹಿ ಮಾಡಿದ ನಮೂನೆ 35, ಇವು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿರಿ. ಯಾವ ಗಾಡಿಯೇ ಆಗಲಿ, ಕೊಂಡ 14 ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿರಿ. ಕ್ಲೇಮು ಮಾಡದ್ದಕ್ಕೆ ಸಿಕ್ಕ ರಿಯಾಯಿತಿ ಹಳೆಯ ಮಾಲೀಕರದ್ದು, ಅದು ಗಾಡಿಯ ಜೊತೆ ನಿಮಗೆ ಬರುವುದಿಲ್ಲ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟನ್ನು ಏಜೆಂಟರಿಂದ ತರಿಸಿಕೊಳ್ಳದೆ, ಒಂದು ಕಾಗದ ಇಟ್ಟು ನೀವೇ ಉಜ್ಜಿ ತೆಗೆದು, ಆರ್‌ಸಿಯಲ್ಲಿರುವ ಅಂಕಿಗಳ ಜೊತೆ ಒಂದೊಂದಾಗಿ ಹೋಲಿಸಿ ನೋಡಿರಿ.